ಕಿವಿಯೊಳಗಿನ ಭೇರಿ

ಮಧುಗಿರಿಯ ಬೆಟ್ಟದ ಬುಡದಲ್ಲಾಗಲಿ ಪಾವಗಡದ ಬಯಲಿನಲ್ಲಾಗಲಿ, ರಾತ್ರಿ ತಾವು ರೇಡಿಯೋ ನಿಲ್ಲಿಸಿ ದೀಪ ಆರಿಸಿದೊಡನೆ ಊರೇ ನಿಶ್ಶಬ್ದವಾಗುತ್ತದೆ. ಆದರೆ ಮನೆಯ ಹಿರಿಯರೊಬ್ಬರಿಗೆ ಕಛೇರಿ ಆರಂಭವಾಗುವುದೇ ಆಗ. ಜೀರುಂಡೆಯ ಕಿರ್ರೆನ್ನುವ ದನಿ, ಸೀಟಿ, ದೂರದ ತಮಟೆ; ಕೇಳುವವರು ಅವರೊಬ್ಬರೇ. “ಏನೂ ಇಲ್ಲ, ಸುಮ್ಮನೆ ಮಲಗಿ” ಎಂದು ನಾವು ಹೇಳಿಬಿಡುತ್ತೇವೆ. ಅವರಿಗೆ ಬಾರದ ನಿದ್ದೆಯ ಕಷ್ಟ ನಮಗೆ ಹೇಗೆ ತಿಳಿಯಬೇಕು?

ನಮ್ಮ ಪ್ರಾಚೀನ ವೈದ್ಯರು ಇದನ್ನು ಭ್ರಮೆಯೆಂದು ತಳ್ಳಿಹಾಕಲಿಲ್ಲ. ಸುಶ್ರುತಸಂಹಿತೆಯು ಕಿವಿಯ ರೋಗಗಳನ್ನು 28 ಎಂದು ಎಣಿಸಿ ಅವುಗಳಲ್ಲಿ ಇದಕ್ಕೂ ಸ್ಥಾನ ಕೊಟ್ಟಿದೆ. ಮಾಧವನಿದಾನವಂತೂ ಎರಡು ಬಗೆಗಳನ್ನು ಬೇರ್ಪಡಿಸುತ್ತದೆ: ಭೇರಿ, ಮೃದಂಗ, ಶಂಖಗಳಂತೆ ಕೇಳಿಸಿದರೆ ಕರ್ಣನಾದ, ಬಿದಿರ ಕೊಳಲಿನಂತೆ ಕೇಳಿಸಿದರೆ ಕರ್ಣಕ್ಷ್ವೇಡ. ರೋಗಿಯ ಮಾತನ್ನು ಎಷ್ಟು ತಾಳ್ಮೆಯಿಂದ ಆಲಿಸಿರಬೇಕು, ನೋಡಿ!

ಸದ್ದಿಗೆ ಸದ್ದೇ ಮದ್ದೆಂಬ ವಿಚಾರವೂ ಹೊಸದಲ್ಲ. ಹೊರಗೆ ಶಬ್ದಮಾಡಿದರೆ ಕಿವಿಯ ಗುಂಯ್‌ಗುಟ್ಟುವಿಕೆ ನಿಲ್ಲುವುದೇಕೆ, ದೊಡ್ಡ ನಾದವು ಚಿಕ್ಕದನ್ನು ಓಡಿಸುವುದರಿಂದಲೋ ಎಂಬ ಪ್ರಶ್ನೆ ಅರಿಸ್ಟಾಟಲನ ಹೆಸರಿನಲ್ಲಿ ಬಂದಿರುವ ‘ಸಮಸ್ಯೆ’ಗಳ ಗ್ರಂಥದಲ್ಲಿಯೇ ಇದೆ. 1821ರಲ್ಲಿ ಪ್ಯಾರಿಸಿನ ವೈದ್ಯ ಇಟಾರ್ ಇದನ್ನು ಚಿಕಿತ್ಸೆಯಾಗಿಯೇ ಬರೆದಿಟ್ಟ. ಕಿವಿಯಲ್ಲಿ ಭೋರ್ಗರೆತವಿದ್ದವರು ಧಗಧಗಿಸುವ ಬೆಂಕಿಯೆದುರು ಕೂರಬೇಕು. ಬುಸುಗುಟ್ಟುವ ದನಿಯಿದ್ದವರ ಒಲೆಗೆ ಹಸಿ ಸೌದೆಯನ್ನು ಹಾಕಬೇಕು. ನಮ್ಮ ಅಡಿಗೆಮನೆಗಳಲ್ಲಿ ಹಸಿ ಸೌದೆಯಿಂದ ಬಂದದ್ದು ಕಣ್ಣೀರು ಮಾತ್ರ!

ಸಂಗೀತಗಾರರನ್ನೂ ಈ ವ್ಯಾಧಿ ಬಿಟ್ಟಿಲ್ಲ. 1801ರ ಜೂನ್ 29ರಂದು ಬೀಥೋವನ್ ತನ್ನ ವೈದ್ಯಮಿತ್ರ ವೇಗಲರನಿಗೆ ಹಗಲಿರುಳೂ ಕಿವಿ ಮೊರೆಯುತ್ತಿದೆಯೆಂದು ಬರೆದ. 1874ರಲ್ಲಿ ಕಿವುಡನಾದ ಸ್ಮೆತಾನಾ, ಎರಡು ವರ್ಷಗಳ ಬಳಿಕ ರಚಿಸಿದ ತಂತಿವಾದ್ಯಗಳ ಚತುಷ್ಕದ ಕೊನೆಯ ಭಾಗದಲ್ಲಿ, ತನ್ನ ಕಿವಿಯಲ್ಲಿ ಮೊಳಗಿದ ಆ ತಾರಸ್ವರವನ್ನು ಪಿಟೀಲಿನಿಂದಲೇ ನುಡಿಸಿದ.

ಈ ದನಿ ಎಲ್ಲಿಂದ ಬರುತ್ತದೆ? ವಯಸ್ಸಿನಿಂದಲೋ ಅತಿಯಾದ ಶಬ್ದದಿಂದಲೋ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ನಶಿಸುತ್ತವೆ. ಕಲ್ಲುಕುಟಿಕರು, ಕೊಳವೆಬಾವಿ ಕೊರೆಯುವವರು, ಕಡಲೆಕಾಯಿ ಸುಲಿಯುವ ಯಂತ್ರದ ಬಳಿ ದುಡಿಯುವವರು, ಉರುಮೆ ಬಾರಿಸುವವರು, ಇವರೆಲ್ಲರ ಕಿವಿಗೂ ಈ ಅಪಾಯವುಂಟು. ಕಿವಿಯಿಂದ ಸುದ್ದಿ ಬರುವುದು ಕಡಿಮೆಯಾದಾಗ ಮಿದುಳು, ದೂರದ ನಿಲಯ ಸಿಕ್ಕದ ರೇಡಿಯೋದ ಗುಬುಟು ತಿರುಗಿಸಿ ದನಿ ಏರಿಸುವಂತೆ, ತನ್ನ ಗ್ರಹಣಶಕ್ತಿಯನ್ನು ಏರಿಸುತ್ತದೆ. ಆಗ ಅದರ ಒಳಸದ್ದೇ ಕೇಳತೊಡಗುತ್ತದೆ. ಬಹುಪಾಲು ವಿದ್ವಾಂಸರು ಇಂದು ಕೊಡುವ ವಿವರಣೆ ಇದು.

1970ರ ದಶಕದಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಕಾರಂಜಿಯ ಬಳಿ ನಿಂತ ರೋಗಿಯೊಬ್ಬರಿಗೆ ಕಿವಿಯ ದನಿ ಮರೆಯಾಯಿತು. ಅದನ್ನು ಗಮನಿಸಿದ ಜಾಕ್ ವರ್ನನ್, ಮೃದುವಾದ ಸದ್ದು ಹೊರಡಿಸುವ ಪುಟ್ಟ ಯಂತ್ರವನ್ನು ಕಿವಿಗೇ ಇಡಿಸಿದರು. 1990ರಲ್ಲಿ ಯಾಸ್ಟ್ರೆಬಾಫ್ ಇನ್ನೊಂದು ಹೆಜ್ಜೆ ಮುಂದೆ ಹೋದರು: ದನಿಯನ್ನು ಮುಚ್ಚುವುದಕ್ಕಿಂತ, ಅದು ಅಪಾಯದ ಕರೆಯಲ್ಲವೆಂದು ಮಿದುಳಿಗೆ ರೂಢಿಮಾಡಿಸಬೇಕು. ನನಗೆ ಈ ಮಾತೇ ಹೆಚ್ಚು ಒಪ್ಪಿಗೆಯಾಗುತ್ತದೆ.

ಇಷ್ಟಕ್ಕೆ ಸಂಗೀತವೇ ಏಕಾಗಬಾರದು? 2010ರಲ್ಲಿ ಜರ್ಮನಿಯ ಮ್ಯೂನ್‌ಸ್ಟರಿನ ವಿಜ್ಞಾನಿಗಳು ರೋಗಿಗೆ ಪ್ರಿಯವಾದ ಸಂಗೀತದಿಂದ ಅವನ ಕಿವಿದನಿಯ ಶ್ರುತಿಯನ್ನಷ್ಟೇ ಸೋಸಿ ತೆಗೆದು, ವರ್ಷವಿಡೀ ಕೇಳಿಸಿದರು. ದನಿಯ ಜೋರು ತಗ್ಗಿತು. 2016ರಲ್ಲಿ ಪ್ರಕಟವಾದ ಹೆಚ್ಚು ಜನರ ಪರೀಕ್ಷೆಯಲ್ಲಿ ಜೋರು ಕೊಂಚ ತಗ್ಗಿದರೂ, ಮುಖ್ಯ ಅಳತೆಯಾದ ಸಂಕಟದಲ್ಲಿ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. ಆದುದರಿಂದ ‘ಈ ರಾಗ ಕೇಳಿ, ಗುಣವಾಗುವಿರಿ’ ಎನ್ನುವವರನ್ನು ನಂಬಿ ಹಣ ಕಳೆಯಬೇಡಿ.

ಶಿರಾ, ಪಾವಗಡದ ಕಡೆಯ ಕಾಡುಗೊಲ್ಲರು ಜುಂಜಪ್ಪನ ಕಥೆಯನ್ನು ಗಣೆಯೆಂಬ ಉದ್ದನೆಯ ಬಿದಿರ ಕೊಳಲಿನೊಡನೆ ಹಾಡುತ್ತಾರೆ. ಅದು ಕಿವಿಮೊರೆತಕ್ಕೆ ಔಷಧವೆಂದು ನಾನು ಹೇಳುತ್ತಿಲ್ಲ. ಆದರೆ ಒಳಗಿನ ಕೊಳಲಿಗೆ ಹೊರಗಿನ ಕೊಳಲು ಸ್ವಲ್ಪ ಹೊತ್ತು ಜೊತೆಯಾಗಬಾರದೆಂದೇನೂ ಇಲ್ಲ. ಜಯಮಂಗಲಿಯಲ್ಲಿ ನೀರಿದ್ದಾಗ ಕೊರಟಗೆರೆಯವರಿಗೆ ಹೊಳೆಯ ಸದ್ದೂ ಆದೀತು. ಉಳಿದವರು ಹಾಸಿಗೆಯ ಬಳಿ ರೇಡಿಯೋವನ್ನು ಕಿವಿಯ ದನಿಗಿಂತ ತಗ್ಗಿಸಿ ಇಟ್ಟುಕೊಳ್ಳಬಹುದು, ಏರಿಸಬಾರದು.

ಪರೀಕ್ಷೆಯಿಲ್ಲದೆ ಕಿವಿಗೆ ಬಿಸಿ ಎಣ್ಣೆ ಬಿಡಬೇಡಿ. ದನಿ ಒಂದೇ ಕಿವಿಯಲ್ಲಿದ್ದರೆ ಅಥವಾ ನಾಡಿಯಂತೆ ಮಿಡಿಯುತ್ತಿದ್ದರೆ ವೈದ್ಯರಿಗೆ ತೋರಿಸಿ; ಕಿವಿ ಹಠಾತ್ತನೆ ಮಂದವಾದರೆ ಅಂದೇ ಹೋಗಿ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣಪರೀಕ್ಷೆ ಮಾಡುತ್ತಾರೆ. ಕೇಳ್ಮೆ ಕುಂದಿದವರಿಗೆ ಶ್ರವಣಸಾಧನ ಹೊಂದಿಸಿದರೆ ಮಕ್ಕಳ ಮಾತೂ ಕೇಳಿಸುತ್ತದೆ, ಒಳಗಿನ ಭೇರಿಯೂ ಅನೇಕರಿಗೆ ಹಿಂದೆ ಸರಿಯುತ್ತದೆ.