ವೃತ್ತಿ: ಸುತ್ತಿ ಬಂದ ಪದ

ವಿಕಿಪೀಡಿಯದಲ್ಲಿ ಯಾವುದಾದರೊಂದು ಕೆಲಸದ ಬಗೆಗಿನ ಲೇಖನ ತೆರೆದರೆ ಅಂಚಿಗೆ ಒಂದು ಚೌಕ ಕಾಣುತ್ತದೆ. ಅಲ್ಲಿ ದುಡಿಯುವವರ ಬಾಯಲ್ಲಿ ಅದು ಇನ್ಫೋಬಾಕ್ಸ್. ಇಂಗ್ಲಿಷ್ ಆವೃತ್ತಿಯಲ್ಲಿ ಇದಕ್ಕೆಂದೇ ಕಟ್ಟಿದ ಟೆಂಪ್ಲೇಟಿನಲ್ಲಿ ಹೆಸರುಗಳು, ಬಗೆ, ಕ್ಷೇತ್ರ, ಬೇಕಾದ ಕುಶಲತೆ, ಓದು, ಹತ್ತಿರದ ಕೆಲಸಗಳು, ಸರಾಸರಿ ಸಂಬಳ ಎಂದು ಸಾಲುಗಳಿವೆ. ಇಂಥದೊಂದನ್ನು ಕನ್ನಡಕ್ಕೆ ಹೊಂದಿಸುವಾಗ ತೊಡಕು ಹಣೆಬರಹದಲ್ಲೇ ಶುರು: ಕೆಲಸ, ಕಸುಬು, ಉದ್ಯೋಗ, ವೃತ್ತಿ, ಕಾಯಕ, ನೌಕರಿ, ಹುದ್ದೆ, ದಂಧೆ, ಇವುಗಳಲ್ಲಿ ಯಾವುದನ್ನು ಕೂರಿಸುವುದು? ನನ್ನ ಮತ 'ವೃತ್ತಿ'ಗೆ. ಅದರ ಪೂರ್ವೋತ್ತರ ಕೇಳಿದರೆ, ಪದದ ಬೇರು ಕೆದಕುವ ಚಟವಿರುವ ನಮಗೆ ಒಂದು ಮಧ್ಯಾಹ್ನಕ್ಕಾಗುವಷ್ಟು ಸರಕಿದೆ.

ಧಾತು 'ವೃತ್': ಸುತ್ತು, ಹೊರಳು, ಇರು, ನಡೆದುಕೊ. ದುಂಡಗಿರುವ ವೃತ್ತ, ಪಂಪನು ಚಂಪುವಿನಲ್ಲಿ ಕಂದದ ಜೊತೆಗೆ ಹೊಸೆದ ವೃತ್ತ, ನಡೆದುದನ್ನು ಹೇಳುವ ವೃತ್ತಾಂತ, ಅದನ್ನು ಅಚ್ಚು ಹಾಕಿದ ನಮ್ಮ ಅಜ್ಜಂದಿರ ವೃತ್ತಪತ್ರಿಕೆ, 'ಏನು ವರ್ತಮಾನ?' ಎಂದು ಜಗಲಿಯಲ್ಲಿ ಕೇಳುವ ಮಾತು, ವ್ಯಾಕರಣದಲ್ಲಿ ಕಾಲವಾಗಿ ನಿಂತ ಅದೇ ವರ್ತಮಾನ, ಪ್ರವೃತ್ತಿ, ನಿವೃತ್ತಿ, ಈಗಷ್ಟೇ ಮೇಲೆ ಬಳಸಿದ ಆವೃತ್ತಿ, ಕೊನೆಗೆ ಹೊಸೆದು ಮಾಡುವ 'ವರ್ತಿ' ತದ್ಭವವಾಗಿ ದೀಪದ ಬತ್ತಿ, ಊದುಬತ್ತಿ, ಎಲ್ಲವೂ ಒಂದೇ ವಂಶ. ಮೈಸೂರು ಕಡೆಯ 'ವರ್ತನೆ ಹಾಲು' ಎಂಬ ಮಾತಿನಲ್ಲಿ ವರ್ತನೆಯೆಂದರೆ ನಡವಳಿಕೆಯಲ್ಲ, ದಿನವೂ ತಪ್ಪದೆ ಮನೆಗೆ ಬರುವ ಪಡಿ. ವರ್ತಕನೂ ಈ ಮನೆಯವನೇ. ಕೌಟಿಲ್ಯನು ನಾಲ್ಕು ವಿದ್ಯೆಗಳಲ್ಲಿ ಒಂದೆಂದು ಎಣಿಸಿದ 'ವಾರ್ತಾ' ಕೃಷಿ, ಪಶುಪಾಲನೆ, ವ್ಯಾಪಾರಗಳಿಗೆ ಸಂದ ಹೆಸರು, ಅಂದರೆ ವೃತ್ತಿಯ ಶಾಸ್ತ್ರ. ಅದೇ ಪದ ಈಗ ರೇಡಿಯೋದಲ್ಲಿ ವಾರ್ತೆಯಾಗಿ ಕೇಳಿಸುತ್ತದೆ, ಹೊಲಗದ್ದೆಯ ನೆನಪೇ ಅದಕ್ಕಿಲ್ಲ.

ಹೀಗೆ ಬದುಕುವ ರೀತಿಯೆಂಬ ಅರ್ಥದಿಂದ ಬದುಕಿಸುವ ಸಾಧನವೆಂಬ ಅರ್ಥಕ್ಕೆ ವೃತ್ತಿ ದಾಟಿತು. ಗದ್ದೆಯಲ್ಲಿ ಉದುರಿದ ಕಾಳನ್ನು ಆಯುವುದು ಉಂಛವೃತ್ತಿ, ದಾಸರು ಮನೆಮನೆಯಿಂದ ಹಿಡಿಹಿಡಿ ತರುವುದು ಮಧುಕರವೃತ್ತಿ, ಮನುಸ್ಮೃತಿಯ ಪ್ರಕಾರ ಇನ್ನೊಬ್ಬರ ಸೇವೆಗೆ ನಿಲ್ಲುವುದು ಶ್ವವೃತ್ತಿ. ತಿಂಗಳ ಸಂಬಳದವರಾದ ನಾವು ಈ ಕಡೆಯದನ್ನು ಓದಿ ನಕ್ಕು ಮುಂದೆ ಹೋಗುವುದೇ ಲೇಸು. ಪಂಡಿತರ ಮನೆಯಲ್ಲಿ ಇದು ಬೇರೊಂದು ಸುತ್ತು ಹಾಕಿತು: ಸೂತ್ರವನ್ನು ಬಿಡಿಸುವ ವಿವರಣೆ ವೃತ್ತಿಯಾಯಿತು. ಕೇಶಿರಾಜನು 'ಶಬ್ದಮಣಿದರ್ಪಣ'ದ ಕಂದಸೂತ್ರಗಳಿಗೆ ತಾನೇ ವೃತ್ತಿ ಬರೆದ, 1604ರಲ್ಲಿ ಭಟ್ಟಾಕಳಂಕ 'ಶಬ್ದಾನುಶಾಸನ'ದ 592 ಸಂಸ್ಕೃತ ಸೂತ್ರಗಳಿಗೆ ವೃತ್ತಿಯನ್ನೂ ಅದರ ಮೇಲೊಂದು ವ್ಯಾಖ್ಯಾನವನ್ನೂ ಬರೆದ. ಯೋಗಿಗಳಿಗೆ ಚಿತ್ತದ ಅಲೆಗಳು ವೃತ್ತಿ, ನಾಟ್ಯಶಾಸ್ತ್ರದವರಿಗೆ ಭಾರತೀ, ಸಾತ್ವತೀ, ಕೈಶಿಕೀ, ಆರಭಟೀ ಎಂಬ ನಾಲ್ಕು ವೃತ್ತಿ.

ಶಾಸನಗಳಿಗೆ ಬಂದರೆ ವೃತ್ತಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಅಗ್ರಹಾರ ಮಾಡಿ ಬಿಟ್ಟ ಊರನ್ನು ಇಷ್ಟು ವೃತ್ತಿಗಳೆಂದು ಪಾಲು ಹಾಕಿ ಒಬ್ಬೊಬ್ಬರಿಗೆ ಒಂದೋ ಎರಡೋ ಕೊಡುತ್ತಿದ್ದರು. ಅಲ್ಲಿ ವೃತ್ತಿಯೆಂದರೆ ಮಾಡುವ ಕೆಲಸಕ್ಕಿಂತ ಉಣ್ಣುವ ಭೂಮಿ, ಅದರ ಆದಾಯ. ಸಂಬಳದ ಸಾಲೂ ಹೆಸರಿನ ಸಾಲೂ ಒಂದೇ ಪದದಲ್ಲಿ ಮುಗಿದಿದ್ದ ಕಾಲ ಅದು. ಉಣ್ಣಲು ಏನೂ ಇಲ್ಲದ ದುಡಿಮೆಗೆ ಬೇರೆ ಪದವಿತ್ತು, ವಿಷ್ಟಿ. ಅದರ ತದ್ಭವ ಬಿಟ್ಟಿ ಇಂದಿಗೂ ಚಾಕರಿಯ ಬೆನ್ನು ಬಿಟ್ಟಿಲ್ಲ.

ಇನ್ನು ಎದುರಾಳಿ 'ಕಸುಬು'. ಅರಬಿಯ ಕಸ್ಬ್, ಎಂದರೆ ಗಳಿಕೆ, ಪಾರಸಿಯ ದಾರಿ ಹಿಡಿದು ಬಂದು ಕಸಬು, ಕಸುಬು, ಕಸುಬುದಾರ ಎಂದೆಲ್ಲ ಕನ್ನಡದಲ್ಲಿ ಕುದುರಿತು. (ತಾಲ್ಲೂಕಿನ ಕಸಬಾ ಹೋಬಳಿಗೂ ಇದಕ್ಕೂ ನಂಟಿಲ್ಲ, ಪಟ್ಟಣವೆಂಬ ಅರ್ಥದ ಆ ಪದದ ಬೇರು ಬೇರೆ.) ವಿಮರ್ಶಕರು ಕತೆಯ ಕಸುಬುಗಾರಿಕೆಯನ್ನು ಹೊಗಳುತ್ತಾರಾದರೂ ವಕೀಲರ ಮುಂದೆ ನಿಂತು 'ತಮ್ಮ ಕಸುಬು ಹೇಗಿದೆ?' ಎಂದು ಕೇಳಿ ನೋಡಿ. ಸಂಸ್ಕೃತದ ಕುಲಕ್ಕೆ ಅರಬಿಯ ಕಸುಬನ್ನು ಗಂಟುಹಾಕಿದ 'ಕುಲಕಸುಬು' ಎಷ್ಟು ಸಹಜವಾಗಿ ನಮ್ಮ ನಾಲಗೆಗೆ ಬರುತ್ತದೆ! ಕುಲವೃತ್ತಿ ಎಂಬುದೂ ಉಂಟು, ನಿಜ. ಆದರೆ ವೃತ್ತಿಪರ, ವೃತ್ತಿನಿರತ, ವೃತ್ತಿಶಿಕ್ಷಣ, ವೃತ್ತಿರಂಗಭೂಮಿ ಎಂಬ ಸಮಾಸಗಳಲ್ಲಿ ವೃತ್ತಿ ಕುಲದ ಕೈ ಬಿಟ್ಟಾಗಿದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ವೃತ್ತಿನಾಟಕದ್ದು ಎನ್ನುವಾಗ ಎದುರಿಗಿರುವುದು ಹವ್ಯಾಸಿ. ಯಾರು ಯಾರ ಮಗ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ಕಾಯಕವನ್ನು ಚೌಕಕ್ಕೆ ತರಲು ನನಗೆ ಮನಸ್ಸಿಲ್ಲ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ತುರುಗಾಹಿ ರಾಮಣ್ಣ ಎಂದು ಹನ್ನೆರಡನೆಯ ಶತಮಾನ ಹೆಸರಿನ ಮುಂದೆಯೇ ಕಾಯಕವನ್ನು ಬರೆದಿಟ್ಟಿತು. ಆದರೆ ಕಾಯಕದಲ್ಲಿ ಒಂದು ನಿಷ್ಠೆಯ ಬೇಡಿಕೆಯಿದೆ, ಸರಾಸರಿ ಸಂಬಳದ ಪಕ್ಕದಲ್ಲಿ ಅದನ್ನು ಕೂರಿಸಿದರೆ ಎರಡಕ್ಕೂ ಮುಜುಗರ.

ಕಾನೂನಿಗೂ ಒಂದು ಪದ ಸಾಲಲಿಲ್ಲ. ಸಂವಿಧಾನದ 276ನೆಯ ವಿಧಿ ವೃತ್ತಿ, ವ್ಯಾಪಾರ, ಕಸುಬು, ಉದ್ಯೋಗ ಎಂದು ನಾಲ್ಕನ್ನು ಸಾಲಾಗಿ ನಿಲ್ಲಿಸಿ ತೆರಿಗೆಗೆ ಒಪ್ಪಿಗೆ ಕೊಟ್ಟಿತು, ವರ್ಷಕ್ಕೆ 2,500 ರೂಪಾಯಿ ಮೀರಬಾರದೆಂದು 1988ರ ತಿದ್ದುಪಡಿ ಮಿತಿ ಹಾಕಿತು. ಜನ ಮಾತ್ರ ನಾಲ್ಕನ್ನೂ 'ವೃತ್ತಿ ತೆರಿಗೆ' ಎಂಬ ಒಂದೇ ಚೀಲಕ್ಕೆ ತುಂಬಿದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2008ರ ವರ್ಗೀಕರಣದಲ್ಲಿ ಒಬ್ಬರು ಮಾಡುವ ಕಾರ್ಯಗಳ ಕಂತೆ ಒಂದು ಕೆಲಸ, ಒಂದನ್ನೊಂದು ಹೋಲುವ ಕೆಲಸಗಳ ಗುಂಪು ಒಂದು ವೃತ್ತಿ. ಈ ಭೇದ ನಮಗೂ ಬೇಕು, ಕನ್ನಡದಲ್ಲಿ ಅದು ಆಗಲೇ ಇದೆ ಕೂಡ: ಕೆಲಸ ಬಿಡಬಹುದು, ಹುದ್ದೆ ಖಾಲಿಯಾಗಬಹುದು, ವೃತ್ತಿ ಉಳಿದಿರುತ್ತದೆ.

ಲೇಖನದ ತಲೆಬರಹದಲ್ಲಿ ಇನ್ನೊಂದು ಎಚ್ಚರ ಬೇಕು. ಗಾಣಿಗ, ಕುಂಬಾರ, ಕಮ್ಮಾರ ಎಂದು ಬರೆದರೆ ಓದುಗನಿಗೆ ಕೆಲಸಕ್ಕಿಂತ ಮೊದಲು ಜಾತಿ ಕಾಣುತ್ತದೆ, ಜೊತೆಗೆ ಹೆಣ್ಣುಮಕ್ಕಳು ಹೊರಗುಳಿಯುತ್ತಾರೆ. ಕುಂಬಾರಿಕೆ, ಕಮ್ಮಾರಿಕೆ, ಬಡಗಿತನ, ನೇಯ್ಗೆ ಎಂದರೆ ಚಕ್ರದ ಮುಂದೆ ಯಾರೇ ಕೂತಿರಲಿ, ಸಾಲುಗಳು ಹೊಂದುತ್ತವೆ. ವೈದ್ಯ-ವೈದ್ಯೆ, ಶಿಕ್ಷಕ-ಶಿಕ್ಷಕಿಯರ ಜಗಳವೂ ಇಲ್ಲ.

ಕಷ್ಟ ಕೊಡುವುದು ಶಾನುಭೋಗಿಕೆಯಂಥವು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಅಪ್ಪನಿಂದ ಮಗನಿಗೆ ಬರುತ್ತಿದ್ದ ಈ ಹುದ್ದೆಯನ್ನು ತೆಗೆದುಹಾಕಿತು. ಮನೆತನದ ಹೆಸರಾಗಿ ಶಾನುಭೋಗ ಉಳಿದಿದ್ದಾನೆ. ಅದರ ಚೌಕದಲ್ಲಿ ಕ್ಷೇತ್ರ: ಗ್ರಾಮಾಡಳಿತ, ಕುಶಲತೆ: ಲೆಕ್ಕ, ಕಡತ, ಜಮೀನಿನ ಎಲ್ಲೆಯ ತಿಳಿವು, ಹತ್ತಿರದ್ದು: ಆಮೇಲೆ ಬಂದ ಗ್ರಾಮ ಲೆಕ್ಕಿಗರು. ಸಂಬಳದ ಸಾಲಿನಲ್ಲಿ ಇನಾಂ ಜಮೀನು ಎಂದು ತುಂಬಿದರೆ ತೀರಿತು, ಆದರೆ ಶಾಸನ ಓದಿದವರು ಅಲ್ಲಿ 'ವೃತ್ತಿ' ಎಂದೇ ಬರೆದಾರು, ತಲೆಬರಹದಲ್ಲಿ ಅದೇ ಪದ ಆಗಲೇ ಇದ್ದರೂ.