ವಸಡು ಚಿಕಿತ್ಸೆಯಲ್ಲಿ ಸರಂಧ್ರ ಮೂಳೆಕಸಿ

ವಸಡಿನ ರೋಗದಿಂದ ಹಲ್ಲಿನ ಬೇರಿನ ಸುತ್ತ ದವಡೆಮೂಳೆ ಕರಗಿ ಉಂಟಾದ ಗುಂಡಿಯನ್ನು ಸೂಕ್ಷ್ಮ ರಂಧ್ರಗಳ ಹರಳುಗಳಿಂದ ತುಂಬಿ, ಮೂಳೆ ಮತ್ತೆ ಬೆಳೆಯಲು ಆಸರೆ ಕೊಡುವ ಚಿಕಿತ್ಸೆ. ಜನರು ಪಯೋರಿಯಾ ಎನ್ನುವ ಈ ರೋಗಕ್ಕೆ ಹಲ್ಲು ಕೀಳುವುದೊಂದೇ ದಾರಿ ಎಂಬ ನಂಬಿಕೆ ಇನ್ನೂ ಅಳಿದಿಲ್ಲ.

1923ರಲ್ಲಿ ಹೆಗೆಡೂಸ್ ಎಂಬ ವೈದ್ಯರು ರೋಗಿಯ ಕಣಕಾಲಿನ ಮೂಳೆಯನ್ನೇ ತೆಗೆದು ದವಡೆಗೆ ಕಸಿ ಮಾಡಿದ್ದರು. 1960ರ ದಶಕದಲ್ಲಿ ಶಾಲ್‌ಹಾರ್ನ್ ಸೊಂಟದ ಮೂಳೆಯ ಮಜ್ಜೆ ಬಳಸಿದರು. ಗುಂಡಿಗಳು ಚೆನ್ನಾಗಿ ತುಂಬಿದವು, ಆದರೆ ತಾಜಾ ಮಜ್ಜೆ ಇಟ್ಟ ಕೆಲವೆಡೆ ಹಲ್ಲಿನ ಬೇರೇ ಕರಗಿತು. ಒಂದು ಗಾಯ ಮಾಯಿಸಲು ಇನ್ನೊಂದು ಗಾಯ ಮಾಡುವ ಕಷ್ಟ ಬೇರೆ. ಹೀಗಾಗಿ ಬದಲಿ ವಸ್ತುವಿನ ಹುಡುಕಾಟ ಜೋರಾಯಿತು.

ತಿರುವು ಬಂದದ್ದು ರಂಧ್ರದ ಅಳತೆಯಿಂದ. ರಂಧ್ರ 100 ಮೈಕ್ರೋಮೀಟರಿನಷ್ಟಾದರೂ ಇದ್ದರೆ ಮೂಳೆ ಒಳಹೊಕ್ಕು ಬೆಳೆಯುತ್ತದೆಂದು ಕ್ಲಾವಿಟರ್ ಮತ್ತು ಹಲ್ಬರ್ಟ್ 1971ರಲ್ಲಿ ತೋರಿಸಿದರು. ರಕ್ತನಾಳಕ್ಕೆ ದಾರಿಯಿಲ್ಲದ ಕಡೆ ಮೂಳೆ ಹುಟ್ಟುವುದಿಲ್ಲ. ಅಂಥ ದಾರಿಗಳು ಸಮುದ್ರದ ಹವಳದಲ್ಲಿ ಸಿದ್ಧವಾಗಿಯೇ ಇದ್ದವು. 1974ರಲ್ಲಿ ರಾಯ್ ಮತ್ತು ಲಿನ್ನೆಹಾನ್, ಹವಳವನ್ನು ಫಾಸ್ಫೇಟ್ ದ್ರಾವಣದಲ್ಲಿ ಹೆಚ್ಚಿನ ಶಾಖ, ಒತ್ತಡಗಳಿಗೆ ಒಳಪಡಿಸಿ, ರಂಧ್ರಗಳು ಕೆಡದಂತೆ ಮೂಳೆಯ ಖನಿಜವಾದ ಹೈಡ್ರಾಕ್ಸಿಅಪಟೈಟ್ ಆಗಿ ಮಾರ್ಪಡಿಸಿದರು. 1985ರಲ್ಲಿ ಕೆನಿ ಮತ್ತು ಸಂಗಡಿಗರು ಇಂಥ ಸರಂಧ್ರ ಹರಳುಗಳನ್ನು ವಸಡಿನ ರೋಗಿಗಳಲ್ಲಿ ಪರೀಕ್ಷಿಸಿದ ವರದಿ ಪ್ರಕಟಿಸಿದರು.

ಭಾರತದಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಾಂಶ ಬ್ಯಾಂಕು 1988ರಿಂದ ದಾನಿಗಳ ಮೂಳೆಯನ್ನು ಸಂಸ್ಕರಿಸಿ ಕೊಡುತ್ತ ಬಂದಿದೆ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನ ಎ. ಆರ್. ಪ್ರದೀಪ್ ಮತ್ತು ಸಂಗಡಿಗರು ಸರಂಧ್ರ ಹೈಡ್ರಾಕ್ಸಿಅಪಟೈಟನ್ನು ರೋಗಿಯದೇ ರಕ್ತದಿಂದ ತೆಗೆದ ಫೈಬ್ರಿನ್ ಜೊತೆ ಬೆರೆಸಿ ಪರೀಕ್ಷಿಸಿದರು.

 

ಶಸ್ತ್ರಚಿಕಿತ್ಸೆಯಲ್ಲಿ ವಸಡನ್ನು ಬಿಡಿಸಿ, ಬೇರಿಗಂಟಿದ ಗಾರೆಯನ್ನೂ ಕೊಳೆತ ಅಂಗಾಂಶವನ್ನೂ ಪೂರ್ತಿ ಕೆರೆದು ತೆಗೆಯುತ್ತಾರೆ. ಹರಳುಗಳನ್ನು ಪುಟ್ಟ ಗಾಜಿನ ಬಟ್ಟಲಲ್ಲಿ ಸಲೈನ್ ಇಲ್ಲವೇ ರೋಗಿಯ ರಕ್ತದಲ್ಲಿ ನೆನೆಸಿದಾಗ ಅವು ಒದ್ದೆ ಮರಳಿನಂತೆ ಅಂಟಿಕೊಳ್ಳುತ್ತವೆ. ಅದನ್ನು ತಳದಿಂದ ಮೇಲಕ್ಕೆ ಸ್ವಲ್ಪಸ್ವಲ್ಪವೇ ತುಂಬಿ ಹೊಲಿಗೆ ಹಾಕುತ್ತಾರೆ. ಮೂರು ಕಡೆ ಮೂಳೆಗೋಡೆ ಉಳಿದ ಆಳದ ಗುಂಡಿಗೆ ಇದು ಚೆನ್ನಾಗಿ ಹೊಂದುತ್ತದೆ. ಮೂಳೆ ಎಲ್ಲೆಡೆ ಸಮನಾಗಿ ತಗ್ಗಿದ್ದರೆ ಹರಳು ನಿಲ್ಲಲು ಜಾಗವೇ ಇರುವುದಿಲ್ಲ. ಬೀಡಿ, ಗುಟ್ಕಾ ಬಿಡದವರಲ್ಲಿ ಫಲ ಕಡಿಮೆ.

ಆರು ತಿಂಗಳ ನಂತರದ ಎಕ್ಸ್‌ರೇಯಲ್ಲಿ ಗುಂಡಿ ಬೆಳ್ಳಗೆ ಕಂಡರೂ ಅಷ್ಟಕ್ಕೇ ಹಿಗ್ಗಬಾರದು. ಹೈಡ್ರಾಕ್ಸಿಅಪಟೈಟ್ ಬೇಗ ಕರಗದು, ಚಿತ್ರದಲ್ಲಿ ಅದೂ ಮೂಳೆಯಂತೆಯೇ ಕಾಣುತ್ತದೆ. ಹೊಸ ಮೂಳೆಯ ಜೊತೆಗೆ ಬೇರಿನ ಹೊರಪದರವಾದ ಸಿಮೆಂಟಮ್ ಮತ್ತು ಅವೆರಡನ್ನು ಬಿಗಿಯುವ ನಾರುಗಳೂ ಹುಟ್ಟಿವೆಯೇ ಎಂಬುದು ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಖಚಿತವಾಗುತ್ತದೆ.