ಕುಂಬಳೆ ಸೀಮೆ: ಅಕ್ಕಿಯ ಲೆಕ್ಕದಿಂದ ಪ್ರಸಂಗದವರೆಗೆ

ಉಳಿಯತ್ತಡ್ಕದಿಂದ ಸೀತಾಂಗೋಳಿಗೆ ಹೋಗುವ ದಾರಿಯಲ್ಲಿ ಮಾಯಿಪ್ಪಾಡಿ. ಅರಮನೆ ಎಲ್ಲಿ ಎಂದು ಕೇಳಿದರೆ ಯಾರಾದರೂ ಕೈ ತೋರಿಸುತ್ತಾರೆ. ಅಲ್ಲಿನ ಅರಸರು ಆಳಿದ ನೆಲ ಎಲ್ಲಿಯವರೆಗೆ ಎಂದು ಕೇಳಿದರೆ ಹಳಬರು ಎಲ್ಲೆ ಹೇಳುವುದಿಲ್ಲ, ದೇವಸ್ಥಾನ ಎಣಿಸುತ್ತಾರೆ: ಅಡೂರು, ಮಧೂರು, ಕಾವು, ಕಣ್ಯಾರ. ಕಾವು ಎಂದರೆ ಮುಜುಂಗಾವು. ಕಣ್ಯಾರ ಎಂದರೆ ಕುಂಬಳೆಯ ಕಣಿಪುರ ಗೋಪಾಲಕೃಷ್ಣ. ಅವರ ಮಟ್ಟಿಗೆ ಕುಂಬಳೆ ಸೀಮೆ ಅಷ್ಟೇ. ಚರಿತ್ರೆ ಬರೆಯಹೊರಟವರಿಗೆ ಮಾತ್ರ ಅದು ಅಷ್ಟು ಸಲೀಸಾಗಿ ಸಿಗಲಿಲ್ಲ.

ಮೊದಲು ಬರೆದವರು ಹೊರಗಿನವರು. 16ನೇ ಶತಮಾನದ ಆರಂಭದಲ್ಲಿ ಈ ಕರಾವಳಿ ಕಂಡ ಪೋರ್ಚುಗೀಸ್ ದುವಾರ್ತೆ ಬಾರ್ಬೋಸಾ ಕುಂಬಳೆಯ ದೊರೆಯನ್ನು ವಿಜಯನಗರದ ಪರವಾಗಿ ಕಣ್ಣೂರಿನ ಕಡೆಯ ಗಡಿ ಕಾಯುವವನೆಂದು ಗುರುತಿಸಿ, ಕೂಡಲೇ ಅಕ್ಕಿಗೆ ಬರುತ್ತಾನೆ. ಕಪ್ಪು ಬಣ್ಣದ, ಕಳಪೆ ಅಕ್ಕಿ. ಅಗ್ಗವೆಂದು ಮಾಲ್ದೀವಿನ ಬಡವರಿಗೆ ಹೋಗುತ್ತಿತ್ತು, ಬದಲಿಗೆ ತೆಂಗಿನ ನಾರು ಬರುತ್ತಿತ್ತು. ದೊರೆಯ ಹೆಸರು ಅವನಿಗೆ ಬೇಕಿರಲಿಲ್ಲ. ಪೋರ್ಚುಗೀಸರಿಗೆ ಕುಂಬಳೆಯಿಂದ 800 ಹೊರೆ ಅಕ್ಕಿ ಕಪ್ಪವಾಗಿ ಸಲ್ಲುತ್ತಿತ್ತೆಂದು ಮುಂದೆ ಗೆಜೆಟಿಯರ್ ಬರೆದವರೂ ದಾಖಲಿಸಿದರು.

ಆಮೇಲೆ ಇಕ್ಕೇರಿಯ ನಾಯಕರು ಬಂದರು, ಕೋಟೆಗಳೆದ್ದವು. ಹೈದರ್, ಟಿಪ್ಪು ಬಂದರು. ಮಧೂರಿನ ದೇವಸ್ಥಾನದಲ್ಲಿ ಟಿಪ್ಪುವಿನ ಕತ್ತಿ ತಾಗಿದ್ದೆಂದು ಒಂದು ಗುರುತನ್ನು ಈಗಲೂ ತೋರಿಸುತ್ತಾರೆ. ಒಡೆಯಲು ಬಂದವನು ಅಲ್ಲಿನ ಬಾವಿಯ ನೀರು ಕುಡಿದು ಮನಸ್ಸು ಬದಲಿಸಿದ, ಬಂದದ್ದಕ್ಕೆ ಒಂದೇಟು ಹಾಕಿ ಹೋದ ಎಂಬುದು ಕತೆ. ಕುಂಬಳೆಯ ಅರಸರು ತಲಶ್ಶೇರಿಗೆ ಓಡಿಹೋಗಿ 1799ರಲ್ಲಿ ಮರಳಿದ್ದು, ಸ್ವತಂತ್ರರಾಗಲು ಹೆಣಗಿ 1804ರಲ್ಲಿ ಇಂಗ್ಲಿಷರಿಗೆ ಮಣಿದು ವರ್ಷಕ್ಕೆ 11,788 ರೂಪಾಯಿ ಪಿಂಚಣಿ ಒಪ್ಪಿಕೊಂಡದ್ದು ಸರ್ಕಾರಿ ಕಡತದ ಮಾತು. ಬಾರ್ಬೋಸಾನ ಅಕ್ಕಿಯ ಜಾಗಕ್ಕೆ ಈಗ ರೂಪಾಯಿ ಬಂದಿತ್ತು, ಅಷ್ಟೇ ವ್ಯತ್ಯಾಸ.

1801ರಲ್ಲಿ ಈ ದಾರಿಯಾಗಿ ಹೋದ ಇಂಗ್ಲಿಷರ ಸಮೀಕ್ಷಕ ಬುಕನನ್ನನ ಕಣ್ಣಿಗೆ ಬಿದ್ದದ್ದು ಇಲ್ಲಿನ ಮನೆತನಗಳ ಅಳಿಯಕಟ್ಟು. ಅಳಿಯಸಂತಾನದಲ್ಲಿ ಪಟ್ಟ ಸೋದರಿಯ ಮಗನಿಗೆ. ನೆಲ ಒಡೆಯುವ ಮಾತಿಲ್ಲ. ಮಕ್ಕಳಿಗೆ ಪಾಲಾಗುವ ಕಡೆ ಹಾಗಲ್ಲ: ಜರ್ಮನಿಯ ಹೆಸ್ಸೆಯಲ್ಲಿ ದೊರೆ ಫಿಲಿಪ್ 1567ರಲ್ಲಿ ತೀರಿಕೊಂಡಾಗ ರಾಜ್ಯ ನಾಲ್ಕು ಗಂಡುಮಕ್ಕಳ ಪಾಲಾಯಿತು. ಇಲ್ಲಿ ಹಿಸ್ಸೆಯ ಪ್ರಶ್ನೆಗೆ ಕಾನೂನಿನ ದಾರಿ ಸಲೀಸಾದದ್ದು 1949ರ ಮದರಾಸು ಅಳಿಯಸಂತಾನ ಕಾಯಿದೆಯಿಂದ. ಅಷ್ಟು ಹೊತ್ತಿಗೆ ರಾಜ್ಯವೇ ಇರಲಿಲ್ಲ.

ಕನ್ನಡದಲ್ಲಿ ಈ ಚರಿತ್ರೆ ಬರೆಯುವ ಕೆಲಸಕ್ಕೆ ಅಡಿಪಾಯ ಗಣಪತಿರಾವ್ ಐಗಳು 1923ರಲ್ಲಿ ಹೊರತಂದ ದಕ್ಷಿಣ ಕನ್ನಡ ಜಿಲ್ಲೆಯ ಪ್ರಾಚೀನ ಇತಿಹಾಸ. 1936ರಲ್ಲಿ ಸಾಲೆತ್ತೂರು, 1970ರಲ್ಲಿ ಕೆ.ವಿ. ರಮೇಶ್, 1975ರಲ್ಲಿ ಪಾದೂರು ಗುರುರಾಜ ಭಟ್ಟರು ಇಂಗ್ಲಿಷಿನಲ್ಲಿ ಬರೆದರು. ಐಗಳು ಐತಿಹ್ಯವನ್ನೂ ಕೈಬಿಡಲಿಲ್ಲ. ರಮೇಶರು ಕಲ್ಲು ಹೇಳಿದಷ್ಟಕ್ಕೇ ನಿಂತರು. ಕಾಸರಗೋಡಿನ ತಳಂಗೆರೆಯ ಕನ್ನಡ ಶಾಸನದಲ್ಲಿ ಜಯಸಿಂಹನೆಂಬ ಅರಸ ಬರುತ್ತಾನೆ. ಅವನನ್ನೇ ಕುಂಬಳೆಯ ಮೂಲಪುರುಷನನ್ನಾಗಿ ಮಾಡುವ ಆತುರ ನನಗೆ ಒಗ್ಗದು. ಒಂದು ಹೆಸರಿನ ಎಳೆಯಲ್ಲಿ ಎಂಟು ನೂರು ವರ್ಷಗಳನ್ನು ಕಟ್ಟಲಾಗದು.

ವಾದದ ನಿಜವಾದ ಬಿಸಿ ಇದ್ದದ್ದು ಬೇರೆ ಕಡೆ. ಕುಂಬಳೆಯ ಪಾರ್ತಿಸುಬ್ಬ ಅರಸನಲ್ಲ, ಯಕ್ಷಗಾನ ಕವಿ. ಅವನ ದೈವ ಕಣಿಪುರದ ಕೃಷ್ಣ. ರಾಮಾಯಣದ ಪ್ರಸಂಗಗಳು ಅವನವೇ ಎಂದು ಮುಳಿಯ ತಿಮ್ಮಪ್ಪಯ್ಯನವರು ವಾದಿಸಿದರು. ಶಿವರಾಮ ಕಾರಂತರು ಒಪ್ಪಲಿಲ್ಲ. ಕುಕ್ಕಿಲ ಕೃಷ್ಣ ಭಟ್ಟರು ಪ್ರಸಂಗಗಳನ್ನು ಸಂಪಾದಿಸಿ ಕವಿಯ ಪರ ನಿಂತರು. ಒಬ್ಬ ಕವಿಯ ಕಾಲ, ಕುಲ, ಊರಿಗಾಗಿ ಇಷ್ಟು ಜಗಳವಾಡಿದವರು ಅವನೂರಿನ ಅರಸರ ವಂಶಾವಳಿಗಾಗಿ ಇದರ ಕಾಲುಪಾಲೂ ಆಡಲಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕೇರಳದ ಚರಿತ್ರೆಗೆ ಕಣ್ಣೂರಿನ ಕಡೆಯ ಅರಸ ಕೋಲತ್ತಿರಿ ದೊಡ್ಡವ, ಕರ್ನಾಟಕದ್ದು ಗಡಿಯ ತಲಪಾಡಿಯಲ್ಲೇ ಹಿಂದೆ ತಿರುಗುತ್ತದೆ. ಕುಂಬಳೆ ಎರಡಕ್ಕೂ ಅಡಿಟಿಪ್ಪಣಿ. ವಿಚಿತ್ರವೆಂದರೆ 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಕರ್ನಾಟಕಕ್ಕೆ ಕೊಡಬೇಕೆಂದದ್ದು ಚಂದ್ರಗಿರಿ ಹೊಳೆಯ ಉತ್ತರದ ನೆಲವನ್ನು. ಕುಂಬಳೆ ಸೀಮೆಗೂ ತೆಂಕಣ ಎಲ್ಲೆ ಆ ಹೊಳೆಯೇ. ಮೇಲಿನ ಊರುಗಳಲ್ಲಿ ಅದಕ್ಕೆ ಪಯಸ್ವಿನಿ ಎಂದು ಹೆಸರು. ಹಳಬರು ಮೊದಲು ಎಣಿಸುವ ಅಡೂರಿನ ಮಹಾಲಿಂಗೇಶ್ವರ ಇರುವುದು ಅದರ ದಡದಲ್ಲಿ.